ಕಣದಾಗಿನ ಕಾಲ್ಚೆಂಡು

(ಸಂಘದ ಬೆಳ್ಳಿ ಹಬ್ಬದ ಅಂಗವಾಗಿ ಹೆಬ್ಬಳ್ಳಿಯಲ್ಲಿ ನಡೆದ ಸಮಾರಂಭದ ಮಧ್ಯಾಹ್ನದ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



 ನಾವು ಅಂದರೆ ಧಾರವಾಡ ಹುಬ್ಬಳ್ಳಿಯ ಆಜುಬಾಜು ಸಾಲಿ ಮಕ್ಕಳಿಗೆ ಕಾಲ್ಚೆಂಡು, ಅಂದರೆ ಫುಟ್‌ಬಾಲ್, ಕಲಿಸುತ್ತ ಬಂದಿರುವ ನಾಲ್ಕು ಜನ. ನಮ್ಮೊಳಗೆ ಇಬ್ಬರು ದೈಹಿಕ ಶಿಕ್ಷಕರು, ಉಳಿದಿಬ್ಬರು ಸಂಜೆ ಹೊತ್ತಿನ ಹವ್ಯಾಸಿಗಳು. ಭಾಷಣಕಾರರಂತೂ ಯಾರೂ ಅಲ್ಲ. ಬೆಳಿಗ್ಗೆಯಿಂದ ಈ ವೇದಿಕೆಯ ಮೇಲೆ ಬೀಜ, ಗೊಬ್ಬರ, ಪತ್ತು, ಠೇವಣಿ, ಬಡ್ಡಿ ಇವುಗಳ ಬಗ್ಗೆ ತಿಳಿದವರು ಮಾತಾಡಿದ್ದಾರೆ. ಊಟ ಮುಗಿಸಿ ಕಣ್ಣು ಎಳೆಯುವ ಈ ಹೊತ್ತಿನಲ್ಲಿ ಚೆಂಡಿನ ಮಾತು ಎತ್ತಿದರೆ ಮಂದಿ ಎದ್ದು ಹೋಗಲಿಕ್ಕಿಲ್ಲ ಎಂದು ನಮ್ಮನ್ನು ಈಗ ಕರೆದಿರಬೇಕು.

ಆದರೆ ಒಂದು ಮಾತು ಮೊದಲೇ ಹೇಳಿಬಿಡುತ್ತೇವೆ. ನಾವು ಮನರಂಜನೆಗೆ ಬಂದಿಲ್ಲ, ಕೇಳಲಿಕ್ಕೆ ಬಂದೇವಿ. ಸಂಘದ ಗೋದಾಮಿನ ಹಿಂದೆ ಕಾಳು ಒಣಗಿಸಲು ಹಾಕಿದ ಸಿಮೆಂಟಿನ ಕಣ ಐತಲ್ಲ, ಅದರ ವಿಚಾರ ಮುಂದಿನ ಸರ್ವಸಾಧಾರಣ ಸಭೆಗೆ ಬರಲಿದೆ ಎಂದು ಕೇಳಿದ್ದೇವೆ. ಅಲ್ಲಿ ಮಳಿಗೆ ಕಟ್ಟಿ ಬಾಡಿಗೆಗೆ ಕೊಟ್ಟರೆ ಸಂಘಕ್ಕೆ ಆದಾಯ ಆಗುತ್ತದೆ ಎಂಬುದು ಒಂದು ಅಭಿಪ್ರಾಯ. ಕಣವನ್ನು ಕಣವಾಗಿಯೇ ಉಳಿಸಿ, ಸುಗ್ಗಿ ಇಲ್ಲದ ದಿನಗಳಲ್ಲಿ ಊರ ಮಕ್ಕಳ ಆಟಕ್ಕೆ ಬಿಡಬೇಕು ಎಂಬುದು ಇನ್ನೊಂದು. ನಾವು ಎರಡನೇ ಪಕ್ಷದವರು. ಯಾಕೆ ಎಂಬುದನ್ನು ಲೆಕ್ಕ ಸಮೇತ ಹೇಳುತ್ತೇವೆ. ಒಪ್ಪುವುದು ಬಿಡುವುದು ತಮ್ಮದು.

ನಮ್ಮ ಈ ಭಾಗದ ಎರಿ ಭೂಮಿ ಹೆಸರಿಗೆ, ಹತ್ತಿಗೆ, ಕಡಲೆಗೆ ಬಂಗಾರ. ಚೆಂಡಿನ ಆಟಕ್ಕೆ ಮಾತ್ರ ಹಗೆ. ಮುಂಗಾರು ಮಳೆ ಒಂದು ಸಲ ಬಿತ್ತೆಂದರೆ ಕಾಲಿಗೆ ಸೇರುಗಟ್ಟಲೆ ಮಣ್ಣು ಮೆತ್ತಿಕೊಳ್ಳುತ್ತದೆ. ಚೆಂಡು ಬಿದ್ದಲ್ಲೇ ಕೂಡುತ್ತದೆ. ಬೇಸಿಗೆ ಬಂದರೆ ಕೈಬೆರಳು ಹೋಗುವಂಥ ಬಿರುಕು. ಆಗ ಚೆಂಡು ಎತ್ತ ಪುಟಿಯುತ್ತದೆಂದು ದೇವರಿಗೇ ಗೊತ್ತು. ಇಂಥ ನೆಲದ ಮೇಲೆ ಕಲಿತ ಹುಡುಗ ಚೆಂಡನ್ನು ನಂಬುವುದಿಲ್ಲ. ಅದು ಹತ್ತಿರ ಬಂದ ಕೂಡಲೇ ಬಲವಾಗಿ ಒದ್ದು ದೂರ ಮಾಡುತ್ತಾನೆ, ಆಮೇಲೆ ಅದರ ಹಿಂದೆ ಓಡುತ್ತಾನೆ. ಓಟದಲ್ಲಿ ನಮ್ಮ ಹಳ್ಳಿ ಹುಡುಗರನ್ನು ಹಿಡಿಯುವವರಿಲ್ಲ, ದಮ್ಮಿಗೂ ಕೊರತೆ ಇಲ್ಲ. ಹೊಲದ ಕೆಲಸ ಮಾಡಿದ ಕಾಲು ಅವು. ಆದರೆ ತಾಲೂಕು, ಜಿಲ್ಲಾ ಮಟ್ಟದ ಪಂದ್ಯಕ್ಕೆ ಹೋದಾಗ ಆಗುವುದೇನು? ಪೇಟೆಯ ಹುಡುಗ ಬಂದ ಚೆಂಡನ್ನು ಕಾಲಡಿ ನಿಲ್ಲಿಸಿಕೊಂಡು, ತಲೆ ಎತ್ತಿ ನೋಡಿ, ಬಾಜೂಕಿನವನಿಗೆ ಕೊಡುತ್ತಾನೆ. ನಮ್ಮವರು ಇಡೀ ಪಂದ್ಯ ಚೆಂಡಿನ ಬೆನ್ನು ಹತ್ತಿ ಓಡಿ, ನಾಲ್ಕೈದು ಗೋಲು ತಿಂದು, ಲಾರಿ ಏರಿ ವಾಪಸ್ ಬರುತ್ತಾರೆ. ವರ್ಷ ವರ್ಷ ಇದನ್ನು ನೋಡಿದ್ದೇವೆ. ಹುಡುಗರ ಕಾಲಿನಲ್ಲಿ ದೋಷವಿಲ್ಲ, ಅವರು ಕಲಿಯುವ ನೆಲದಲ್ಲಿ ಇದೆ ಎಂಬುದು ನಮ್ಮ ಅಭಿಪ್ರಾಯ.

ಇದಕ್ಕೆ ಮದ್ದಾಗಿ ಜಗತ್ತಿನ ಬಹಳ ಕಡೆ ಉಪಯೋಗಿಸುವ ಒಂದು ಆಟ ಇದೆ. ಅದರ ಹೆಸರು ಫುಟ್ಸಾಲ್. ಪೋರ್ಚುಗೀಸ್ ಮತ್ತು ಸ್ಪ್ಯಾನಿಷ್ ಭಾಷೆಗಳಲ್ಲಿ ‘ಹಜಾರದ ಫುಟ್‌ಬಾಲ್’ ಎಂಬ ಅರ್ಥದ ಮಾತನ್ನು ಮೊಟಕು ಮಾಡಿ ಈ ಹೆಸರು ಬಂದಿದೆ. ಇದು ಹುಟ್ಟಿದ್ದು ದಕ್ಷಿಣ ಅಮೆರಿಕದ ಉರುಗ್ವೆ ಎಂಬ ಸಣ್ಣ ದೇಶದಲ್ಲಿ. 1930ರಲ್ಲಿ ಮೊಟ್ಟಮೊದಲ ವಿಶ್ವಕಪ್ ಫುಟ್‌ಬಾಲ್ ಅದೇ ದೇಶದಲ್ಲಿ ನಡೆದು, ಅವರೇ ಗೆದ್ದರು. ಊರೂರಲ್ಲಿ ಹುಡುಗರಿಗೆ ಚೆಂಡಿನ ಹುಚ್ಚು ಹಿಡಿಯಿತು. ರಾಜಧಾನಿ ಮೊಂಟೆವಿಡಿಯೊದ ವೈ.ಎಂ.ಸಿ.ಎ.ಯಲ್ಲಿ ಹುವಾನ್ ಕಾರ್ಲೋಸ್ ಸೆರಿಯಾನಿ ಎಂಬ ದೈಹಿಕ ಶಿಕ್ಷಕರಿದ್ದರು. ನಮ್ಮ ಜಾತಿಯವರೇ ಅನ್ನಿರಿ! ಅವರ ಹುಡುಗರಿಗೆ ದೊಡ್ಡ ಮೈದಾನ ಇರಲಿಲ್ಲ. ಇದ್ದದ್ದು ಬಾಸ್ಕೆಟ್‌ಬಾಲ್ ಆಡುವ ಅಂಗಳ. ಇದ್ದ ಅಂಗಳಕ್ಕೆ ತಕ್ಕಂತೆ ಅವರು ಆಟವನ್ನೇ ಹೊಂದಿಸಿದರು. ಐದು ಜನರ ತಂಡ ಮತ್ತು ನಲವತ್ತು ನಿಮಿಷದ ಆಟ ಬಾಸ್ಕೆಟ್‌ಬಾಲಿನಿಂದ, ಗೋಲಿನ ಅಳತೆ ಹ್ಯಾಂಡ್‌ಬಾಲಿನಿಂದ, ಗೋಲಿಯ ಕಟ್ಟಳೆ ನೀರಿನೊಳಗೆ ಆಡುವ ಪೋಲೊದಿಂದ. ಹೀಗೆ ನಾಲ್ಕು ಮನೆಯ ಕಡ ತಂದು ಅಡಿಗೆ ಮಾಡಿದರು. 1933ರ ಹೊತ್ತಿಗೆ ನಿಯಮಗಳು ಬರಹದಲ್ಲಿ ಬಂದವು. ಅಲ್ಲಿಂದ ಆಟ ಪಕ್ಕದ ಬ್ರೆಜಿಲ್‌ಗೆ ದಾಟಿ, ಅಲ್ಲಿ ಮನೆಮಾತಾಯಿತು.

ಈಗ ಲೆಕ್ಕಕ್ಕೆ ಬರೋಣ. ಇಲ್ಲಿ ಕುಳಿತವರಿಗೆ ಮೀಟರಿಗಿಂತ ಗುಂಟೆ ಬೇಗ ತಿಳಿಯುತ್ತದೆ. ದೊಡ್ಡ ಫುಟ್‌ಬಾಲ್ ಮೈದಾನ 105 ಮೀಟರ್ ಉದ್ದ, 68 ಮೀಟರ್ ಅಗಲ. ಅಂದರೆ ಹೆಚ್ಚೂಕಡಿಮೆ ಒಂದೂಮುಕ್ಕಾಲು ಎಕರೆ. ಅದರೊಳಗೆ ಇಪ್ಪತ್ತೆರಡು ಜನ. ಒಬ್ಬೊಬ್ಬನ ಪಾಲಿಗೆ ಮೂರು ಗುಂಟೆಗಿಂತ ಹೆಚ್ಚು ಜಾಗ. ಫುಟ್ಸಾಲಿನ ಪೂರ್ತಿ ಅಂಗಳ 40 ಮೀಟರ್ ಉದ್ದ, 20 ಮೀಟರ್ ಅಗಲ. ಎಂಟು ಗುಂಟೆಗೆ ತುಸು ಕಡಿಮೆ. ಅದರೊಳಗೆ ಹತ್ತು ಜನ. ಒಬ್ಬೊಬ್ಬನಿಗೆ ಮುಕ್ಕಾಲು ಗುಂಟೆಯ ಮೇಲೆ ಸ್ವಲ್ಪ. ಅಂತರರಾಷ್ಟ್ರೀಯವಲ್ಲದ ಪಂದ್ಯಗಳಿಗೆ 25 ಮೀಟರ್ ಉದ್ದ, 16 ಮೀಟರ್ ಅಗಲದ ಅಂಗಳವೂ ನಡೆಯುತ್ತದೆ. ಅದು ನಾಲ್ಕು ಗುಂಟೆ. ನಮ್ಮ ಕಣವನ್ನು ಟೇಪು ಹಿಡಿದು ಅಳೆದೆವು. ಉದ್ದ 34 ಮೀಟರ್, ಅಗಲ 20 ಮೀಟರ್ ಬಂತು. ಸುತ್ತಲೂ ಓಡಿ ನಿಲ್ಲಲು ಜಾಗ ಬಿಟ್ಟು 30 ಮೀಟರ್ ಉದ್ದ, 17 ಮೀಟರ್ ಅಗಲಕ್ಕೆ ಗೆರೆ ಎಳೆದರೂ ನಿಯಮದೊಳಗೇ ಬೀಳುತ್ತದೆ. ಒಬ್ಬ ಹುಡುಗನಿಗೆ ಬರೋಬ್ಬರಿ ಅರ್ಧ ಗುಂಟೆ.

ಇನ್ನು ಚೆಂಡಿನ ಪಾಲು. ದೊಡ್ಡ ಆಟ 90 ನಿಮಿಷದ್ದು ಎನ್ನುತ್ತೇವೆ, ಆದರೆ ಚೆಂಡು ಹೊರಗೆ ಹೋದದ್ದು, ತಂದದ್ದು, ಬಿದ್ದವನು ಎದ್ದದ್ದು ಇವನ್ನೆಲ್ಲ ಕಳೆದರೆ ಚೆಂಡು ನಿಜವಾಗಿ ಉರುಳುವುದು 55-60 ನಿಮಿಷ. ಅದನ್ನು ಇಪ್ಪತ್ತೆರಡು ಜನಕ್ಕೆ ಸಮ ಪಾಲು ಹಂಚಿದರೆ ತಲಾ ಮೂರು ನಿಮಿಷವೂ ಬರುವುದಿಲ್ಲ. ಫುಟ್ಸಾಲಿನಲ್ಲಿ ಇಪ್ಪತ್ತು ನಿಮಿಷದ ಎರಡು ಭಾಗ, ಚೆಂಡು ಹೊರಗೆ ಹೋದರೆ ಗಡಿಯಾರ ನಿಲ್ಲುತ್ತದೆ. ಹಾಗಾಗಿ ನಲವತ್ತಕ್ಕೆ ನಲವತ್ತೂ ಆಟವೇ. ಹತ್ತು ಜನಕ್ಕೆ ಹಂಚಿದರೆ ತಲಾ ನಾಲ್ಕು ನಿಮಿಷ. ಇದು ಬರೀ ಸರಾಸರಿ. ನಿಜವಾದ ಪಂದ್ಯದಲ್ಲಿ, ಅದರಲ್ಲೂ ಸಣ್ಣ ಮಕ್ಕಳ ದೊಡ್ಡ ಮೈದಾನದ ಪಂದ್ಯದಲ್ಲಿ, ಗಟ್ಟಿಮುಟ್ಟಾದ ಮೂರು ಹುಡುಗರು ಚೆಂಡನ್ನು ನುಂಗಿಬಿಡುತ್ತಾರೆ. ಮೂಲೆಯಲ್ಲಿ ನಿಲ್ಲಿಸಿದ ಸಣ್ಣ ಹುಡುಗನಿಗೆ ಅರ್ಧ ತಾಸಿನಲ್ಲಿ ಎರಡು ಸಲ ಚೆಂಡು ಮುಟ್ಟಿದರೆ ಪುಣ್ಯ. ಅವನು ಹುಲ್ಲು ಕಿತ್ತುತ್ತ ನಿಂತಿರುತ್ತಾನೆ. ಐದು ಜನರ ಆಟದಲ್ಲಿ ಯಾರೂ ಹುಲ್ಲು ಕೀಳುವ ಹಾಗಿಲ್ಲ; ಸಿಮೆಂಟಿನ ಮೇಲೆ ಹುಲ್ಲೂ ಇಲ್ಲ ಬಿಡಿ.

ಚೆಂಡಿನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಗುಟ್ಟು ಅಲ್ಲೇ ಇದೆ. ದೊಡ್ಡವರ ಫುಟ್‌ಬಾಲಿನ ಸುತ್ತಳತೆ 68ರಿಂದ 70 ಸೆಂಟಿಮೀಟರ್. ಫುಟ್ಸಾಲ್ ಚೆಂಡು 62ರಿಂದ 64. ಗಾತ್ರ ಸಣ್ಣದು, ಆದರೆ ತೂಕ 400ರಿಂದ 440 ಗ್ರಾಂ, ಅಂದರೆ ಹೆಚ್ಚೂಕಡಿಮೆ ದೊಡ್ಡ ಚೆಂಡಿನಷ್ಟೇ. ಅದನ್ನು ಎರಡು ಮೀಟರ್ ಎತ್ತರದಿಂದ ಬಿಟ್ಟರೆ ಮೊದಲ ಪುಟಿತ 50ರಿಂದ 65 ಸೆಂಟಿಮೀಟರಿನೊಳಗೆ ಇರಬೇಕೆಂದು ನಿಯಮವೇ ಇದೆ. ಅಂದರೆ ಮೊಣಕಾಲಿನ ಆಜುಬಾಜು. ಮಾಮೂಲು ಫುಟ್‌ಬಾಲ್ ಗಟ್ಟಿ ನೆಲದ ಮೇಲೆ ಇದರ ಇಮ್ಮಡಿ ಹಾರುತ್ತದೆ. ಚೆಂಡು ಪುಟಿಯದೆ ನೆಲ ಹಿಡಿದು ಉರುಳಿದಾಗ ಹುಡುಗನಿಗೆ ಅದನ್ನು ಒದೆಯುವ ಬದಲು ಹಿಡಿಯುವ ಮನಸ್ಸು ಬರುತ್ತದೆ. ಅಂಗಾಲನ್ನು ಮೆಲ್ಲಗೆ ಅದರ ಮೇಲಿಟ್ಟು ನಿಲ್ಲಿಸುತ್ತಾನೆ, ಅಂಗಾಲಿನಿಂದಲೇ ಹಿಂದಕ್ಕೆ ಎಳೆಯುತ್ತಾನೆ, ಪಕ್ಕಕ್ಕೆ ಉರುಳಿಸುತ್ತಾನೆ. ಜಾಗ ಸಾಲದೆ ಕಾಲು ಬೀಸಲು ಆಗದಾಗ ಬೆರಳ ತುದಿಯಿಂದ ಚುಚ್ಚಿ ಗೋಲು ಹೊಡೆಯುವುದನ್ನು ಕಲಿಯುತ್ತಾನೆ. ಇವೆಲ್ಲ ನಾವು ಸೀಟಿ ಊದಿ ಕಲಿಸುವ ವಿದ್ಯೆಗಳಲ್ಲ. ಆ ಚೆಂಡು, ಆ ನೆಲ, ಎದುರಿಗೆ ಮೈಮೇಲೆ ಬರುವ ಹುಡುಗ, ಈ ಮೂರೂ ಕೂಡಿ ಕಲಿಸುತ್ತವೆ. ಮಾಸ್ತರರು ಬಾಯಿ ಮುಚ್ಚಿಕೊಂಡು ನಿಂತಷ್ಟೂ ಒಳ್ಳೆಯದು.

ಗೋಲು ಸಹ ಸಣ್ಣದು. ಮೂರು ಮೀಟರ್ ಅಗಲ, ಎರಡು ಮೀಟರ್ ಎತ್ತರ. ದೊಡ್ಡ ಗೋಲಿನ ಮೂರರಲ್ಲಿ ಒಂದು ಪಾಲು. ದೂರದಿಂದ ಕಣ್ಣು ಮುಚ್ಚಿ ಒದ್ದರೆ ಒಳಗೆ ಹೋಗುವುದಿಲ್ಲ. ಇಬ್ಬರು ಮೂವರು ಕೂಡಿ ದಾರಿ ಮಾಡಿಕೊಂಡೇ ಹೋಗಬೇಕು.

ನಿಯಮಗಳಲ್ಲಿ ನಮಗೆ ಬಹಳ ಸೇರಿದ್ದು ನಾಲ್ಕು ಸೆಕೆಂಡಿನ ನಿಯಮ. ಚೆಂಡು ಗೆರೆ ದಾಟಿದರೆ ಕೈಯಿಂದ ಎಸೆಯುವುದಿಲ್ಲ, ಗೆರೆಯ ಮೇಲಿಟ್ಟು ಕಾಲಿನಿಂದ ಒಳಗೆ ಕೊಡಬೇಕು, ಅದೂ ನಾಲ್ಕು ಸೆಕೆಂಡಿನೊಳಗೆ. ತಡವಾದರೆ ಚೆಂಡು ಎದುರಾಳಿಗೆ. ಗೋಲಿಯೂ ತನ್ನ ಅರ್ಧದೊಳಗೆ ಚೆಂಡನ್ನು ನಾಲ್ಕು ಸೆಕೆಂಡಿಗಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಇದರಿಂದ ಆಗುವುದೇನು ಎಂದರೆ, ಚೆಂಡು ಕಾಲಿಗೆ ಬರುವ ಮೊದಲೇ ಯಾರು ಎಲ್ಲಿದ್ದಾರೆಂದು ನೋಡಿಟ್ಟುಕೊಳ್ಳುವ ಚಾಳಿ ಬೀಳುತ್ತದೆ. ನಮ್ಮ ಹುಡುಗರಿಗೆ ಇದನ್ನು ಕಲಿಸಲು ನಾವು ವರ್ಷಗಟ್ಟಲೆ ಕೂಗಾಡಿದ್ದೇವೆ: “ಲೇ, ತಲಿ ಎತ್ತಿ ನೋಡೋ!” ಅವನು ಎತ್ತುವುದಿಲ್ಲ. ಸುತ್ತ ನಿಂತ ಹುಡುಗರಿಂದ “ಒಂದು, ಎರಡು, ಮೂರು...” ಎಂದು ಜೋರಾಗಿ ಎಣಿಸಲು ಹಚ್ಚಿದರೆ ತಾನೇ ಎತ್ತುತ್ತಾನೆ. ಆಫ್‌ಸೈಡ್ ಎಂಬ ತಲೆನೋವು ಈ ಆಟದಲ್ಲಿ ಇಲ್ಲ. ಆಟಗಾರರನ್ನು ಎಷ್ಟು ಸಲ ಬೇಕಾದರೂ ಬದಲಿಸಬಹುದು, ಕೂತವನು ಮತ್ತೆ ಇಳಿಯಬಹುದು. ಹೀಗಾಗಿ ಹನ್ನೆರಡು ಮಕ್ಕಳು ಬಂದರೆ ಹನ್ನೆರಡೂ ಮಕ್ಕಳು ಆಡುತ್ತಾರೆ. ತಪ್ಪುಗಳ ಲೆಕ್ಕವೂ ಇಡುತ್ತಾರೆ. ಒಂದು ಅವಧಿಯಲ್ಲಿ ಒಂದು ತಂಡದ ನೇರ ಫ್ರೀಕಿಕ್ಕಿನ ತಪ್ಪು ಐದು ದಾಟಿದರೆ ಆರನೆಯದರಿಂದ ಎದುರು ತಂಡಕ್ಕೆ ಅಡ್ಡ ಗೋಡೆಯಿಲ್ಲದ ಫ್ರೀಕಿಕ್ಕು. ಅದಕ್ಕೇ ತಳ್ಳಾಟ, ಕಾಲು ಕೊಟ್ಟು ಬೀಳಿಸುವ ಆಟ ಇಲ್ಲಿ ದುಬಾರಿ. ಒಬ್ಬನ ಸಿಟ್ಟಿಗೆ ಐದೂ ಜನ ದಂಡ ಕಟ್ಟಬೇಕು. ಸಾಲದ ಗುಂಪು ಜಾಮೀನು ಇದ್ದ ಹಾಗೆ!

ಈ ಆಟದಿಂದ ಬಂದವರು ಯಾರು ಎಂದು ಮಕ್ಕಳು ಕೇಳುತ್ತಾರೆ. ಬ್ರೆಜಿಲ್‌ನ ಪೆಲೆ ಬಾವುರು ಎಂಬ ಊರಿನಲ್ಲಿ ಹುಡುಗನಾಗಿದ್ದಾಗ ಇದನ್ನು ಆಡಿದವರು. ಬೇಗ ಯೋಚಿಸುವುದನ್ನು ಅದು ಕಲಿಸಿತೆಂದು ಅವರೇ ಹೇಳಿಕೊಂಡಿದ್ದಾರೆ. ಜಿಕೊ, ರೊನಾಲ್ಡೊ, ರೊನಾಲ್ಡಿನ್ಹೊ, ನೇಮರ್ ಇವರೂ ಚಿಕ್ಕಂದಿನಲ್ಲಿ ಈ ಅಂಗಳದ ಹುಡುಗರೇ. ಹಾಗೆಂದು ಫುಟ್ಸಾಲ್ ಆಡಿದವರೆಲ್ಲ ಪೆಲೆ ಆಗುತ್ತಾರೆಂದು ನಾವು ಹೇಳುತ್ತಿಲ್ಲ. ಪೇಪರಿನಲ್ಲಿ ಬರುವ ಜಾಹೀರಾತಿನ ಮಾತು ಅದು. ಬ್ರೆಜಿಲ್‌ನ ಫಾಲ್ಕಾವೊ ಎಂಬುವರ ಉದಾಹರಣೆ ನೋಡಿ. ಫುಟ್ಸಾಲಿನ ಮಹಾ ಆಟಗಾರರಲ್ಲಿ ಒಬ್ಬರೆನಿಸಿದ ಅವರು 2005ರಲ್ಲಿ ಸಾವೊ ಪಾಲೊ ಕ್ಲಬ್ಬಿಗೆ ಸೇರಿ ದೊಡ್ಡ ಮೈದಾನದಲ್ಲಿ ಕೆಲಕಾಲ ಆಡಿ, ಅಲ್ಲಿ ನೆಲೆ ನಿಲ್ಲದೆ ತಮ್ಮ ಆಟಕ್ಕೇ ವಾಪಸಾದರು. ಎರಡೂ ಆಟ ಅಣ್ಣತಮ್ಮಂದಿರು. ಆದರೆ ಬೇರೆ ಬೇರೆ ಒಲೆ.

ಅಂತರರಾಷ್ಟ್ರೀಯ ಸಂಸ್ಥೆಯಾದ ಫಿಫಾ 1989ರಲ್ಲಿ ನೆದರ್ಲೆಂಡ್ಸಿನಲ್ಲಿ ಇದರ ಮೊದಲ ವಿಶ್ವಕಪ್ ನಡೆಸಿತು, ಬ್ರೆಜಿಲ್ ಗೆದ್ದಿತು. ಆಮೇಲೆ ಸ್ಪೇನ್, ಅರ್ಜೆಂಟೀನಾ, ಪೋರ್ಚುಗಲ್ ಸಹ ಗೆದ್ದವು. 2024ರಲ್ಲಿ ಉಜ್ಬೇಕಿಸ್ತಾನದಲ್ಲಿ ನಡೆದಾಗ ಮತ್ತೆ ಬ್ರೆಜಿಲ್. ನಮ್ಮ ಏಷ್ಯಾದ ಇರಾನ್ 2016ರಲ್ಲಿ ಬ್ರೆಜಿಲ್ಲನ್ನೇ ಹೊರದಬ್ಬಿ ಮೂರನೇ ಸ್ಥಾನ ಪಡೆಯಿತು. ದೊಡ್ಡ ಮೈದಾನದ ವಿಶ್ವಕಪ್ಪಿನಲ್ಲಿ ಇರಾನಿಗೆ ಅಂಥ ಸ್ಥಾನ ಎಂದೂ ಸಿಕ್ಕಿಲ್ಲ. ನಮ್ಮ ದೇಶ ಬಹಳ ತಡವಾಗಿ ಕಣ್ಣು ಬಿಟ್ಟಿದೆ. 2016ರಲ್ಲಿ ಒಂದು ಖಾಸಗಿ ಲೀಗ್ ನಡೆದು, ರೊನಾಲ್ಡಿನ್ಹೊ ಗೋವಾ ತಂಡಕ್ಕೂ ಇಂಗ್ಲೆಂಡಿನ ಪಾಲ್ ಸ್ಕೋಲ್ಸ್ ಬೆಂಗಳೂರು ತಂಡಕ್ಕೂ ಆಡಿದರು. ಎರಡು ವರ್ಷ ಗದ್ದಲ ಮಾಡಿ ಅದು ನಿಂತುಹೋಯಿತು. ಅಖಿಲ ಭಾರತ ಫುಟ್‌ಬಾಲ್ ಫೆಡರೇಶನ್ 2021ರಲ್ಲಿ ದೆಹಲಿಯಲ್ಲಿ ಮೊದಲ ಸಲ ಕ್ಲಬ್ಬುಗಳ ಫುಟ್ಸಾಲ್ ಸ್ಪರ್ಧೆ ನಡೆಸಿತು. ಭಾರತದ ತಂಡ ಏಷ್ಯಾ ಕಪ್ಪಿನ ಅರ್ಹತಾ ಪಂದ್ಯಗಳಿಗೆ ಮೊದಲು ಇಳಿದದ್ದು 2023ರಲ್ಲಿ, ತಜಿಕಿಸ್ತಾನದಲ್ಲಿ. ಹೆಣ್ಣುಮಕ್ಕಳ ತಂಡ 2025ರಲ್ಲಿ. ಅಂದರೆ ಈ ಆಟದಲ್ಲಿ ಹೆಬ್ಬಳ್ಳಿಯೂ ದೆಹಲಿಯೂ ಹತ್ತಿರ ಹತ್ತಿರವೇ ನಿಂತಿವೆ. ಕ್ರಿಕೆಟ್ಟಿನ ಹಾಗೆ ಬಾಗಿಲಲ್ಲಿ ಸಾವಿರ ಮಂದಿ ಸರತಿ ಇಲ್ಲ.

ಕರ್ನಾಟಕದ ಫುಟ್‌ಬಾಲ್ ಚರಿತ್ರೆ ಸಣ್ಣದಲ್ಲ. ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದ ಮೊದಲ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್. 1937 ಮತ್ತು 1938ರಲ್ಲಿ ಸಾಲಾಗಿ ಎರಡು ಸಲ. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ನಮ್ಮವರು ಬಹುಮಂದಿ ಬರಿಗಾಲಲ್ಲಿ ಆಡಿ ಫ್ರಾನ್ಸಿಗೆ 2-1ರಿಂದ ಸೋತರು. ಆ ಒಂದು ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಸಂತೋಷ್ ಟ್ರೋಫಿಯನ್ನು ಮೈಸೂರು ರಾಜ್ಯದ ಹೆಸರಿನಲ್ಲಿ ನಾಲ್ಕು ಸಲ ಗೆದ್ದು, 1968-69ರ ನಂತರ 54 ವರ್ಷ ಕಾದು, 2023ರ ಮಾರ್ಚಿನಲ್ಲಿ ಸೌದಿ ಅರೇಬಿಯಾದ ರಿಯಾದಿನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಮತ್ತೆ ಗೆದ್ದೆವು. ಇದೆಲ್ಲ ಹೆಮ್ಮೆಯ ಮಾತು. ಆದರೆ ಈ ಚರಿತ್ರೆಯಲ್ಲಿ ಬೆಂಗಳೂರಿನ ಹೆಸರೇ ಹೆಚ್ಚು. ಬೆಂಗಳೂರಿನೊಳಗೂ ಎಲ್ಲಿಯದು? ಹಲಸೂರಿನ ಹತ್ತಿರದ ಗೌತಮಪುರದಂಥ ದುಡಿಯುವ ಜನರ ಓಣಿಗಳದ್ದು. ಗೌತಮಪುರವನ್ನು ಮಂದಿ ‘ಮಿನಿ ಬ್ರೆಜಿಲ್’ ಎಂದೇ ಕರೆಯುತ್ತಾರೆ. ಅಲ್ಲಿ ಪೆಲೆಯ ಪ್ರತಿಮೆಯನ್ನು ನಿಲ್ಲಿಸಿದ್ದಾರೆ. ಇಕ್ಕಟ್ಟು ಮನೆಗಳ ನಡುವಿನ ಸಣ್ಣ ಮೈದಾನದಿಂದ ರಾಜ್ಯಕ್ಕೂ ದೇಶಕ್ಕೂ ಆಡಿದವರು ಬಂದಿದ್ದಾರೆ. ಅಲ್ಲಿ ಯಾರೂ ಅದನ್ನು ಫುಟ್ಸಾಲ್ ಎಂದು ಕರೆದಿರಲಿಕ್ಕಿಲ್ಲ. ಆದರೆ ಸಣ್ಣ ಜಾಗ ಒಂದು ಓಣಿಗೆ ಏನು ಮಾಡಬಲ್ಲದು ಎಂಬುದಕ್ಕೆ ಮೊಂಟೆವಿಡಿಯೊಗೆ ಹೋಗಬೇಕಾಗಿಲ್ಲ.

ಇಲ್ಲಿ ಒಬ್ಬ ಹಿರಿಯರು ನಮ್ಮನ್ನು ಕೇಳಿದರು: “ಅಲ್ರೀ ಸರ, ಹುಬ್ಬಳ್ಳಿಯೊಳಗ ಹಸಿರು ಚಾಪಿ ಹಾಸಿ, ಜಾಳಗಿ ಕಟ್ಟಿ, ರಾತ್ರಿ ದೀಪ ಹಚ್ಚಿ ಆಡಸ್ತಾರಲ್ಲ, ಅದೇನು?” ಅದನ್ನು ಟರ್ಫ್ ಎನ್ನುತ್ತಾರೆ. ತಾಸಿನ ಲೆಕ್ಕದಲ್ಲಿ ಬಾಡಿಗೆ, ನೂರಾರು ರೂಪಾಯಿ. ನೌಕರಿ ಮಾಡುವ ಹುಡುಗರು ಹತ್ತು ಜನ ಹಣ ಕೂಡಿಸಿ ಆಡುತ್ತಾರೆ, ಒಳ್ಳೆಯದೇ. ಆದರೆ ಅದು ಫುಟ್ಸಾಲ್ ಅಲ್ಲ. ಪ್ಲಾಸ್ಟಿಕ್ ಹುಲ್ಲಿನ ಮೇಲೆ ಪುಟಿಯುವ ಚೆಂಡು, ಸುತ್ತಲಿನ ಜಾಳಿಗೆಗೆ ಬಡಿದು ತಾನೇ ವಾಪಸ್ ಬರುತ್ತದೆ. ತಪ್ಪು ಪಾಸು ಕೊಟ್ಟರೂ ಶಿಕ್ಷೆ ಇಲ್ಲ. ಫುಟ್ಸಾಲಿನಲ್ಲಿ ಗೆರೆ ಇರುತ್ತದೆ, ಗೆರೆ ದಾಟಿದರೆ ಚೆಂಡು ಕಳೆದುಕೊಂಡ ಹಾಗೆ. ಕಲಿಯುವ ಮಗುವಿಗೆ ಆ ಗೆರೆ ಬೇಕು. ನಯವಾದ ಸಿಮೆಂಟಿನ ಕಣ ಟರ್ಫಿಗಿಂತ ಕಡಿಮೆಯದು ಎಂದು ಯಾರೂ ತಿಳಿಯಬಾರದು. ಈ ಕೆಲಸಕ್ಕೆ ಅದೇ ಮೇಲು.

ಆದರೆ ಫುಟ್ಸಾಲೊಂದೇ ಸಾಕು ಎಂದು ಹೇಳುವವರ ಮಾತನ್ನೂ ನಾವು ಒಪ್ಪುವುದಿಲ್ಲ. ಉದ್ದನೆಯ ಪಾಸು, ತಲೆಯಿಂದ ಆಡುವುದು, ದೂರದ ಓಟ, ಗಾಳಿಯಲ್ಲಿ ಬರುವ ಚೆಂಡಿನ ಅಂದಾಜು, ಇವು ದೊಡ್ಡ ಬಯಲಿನಲ್ಲೇ ಬರಬೇಕು. ನಮ್ಮ ಪದ್ಧತಿ ಹೀಗೆ: ಹನ್ನೆರಡು ವರ್ಷದವರೆಗಿನ ಮಕ್ಕಳು ಹೆಚ್ಚಾಗಿ ಕಣದಲ್ಲಿ, ಆಮೇಲೆ ವಾರಕ್ಕೆ ಎರಡು ದಿನ ಕಣ, ಉಳಿದ ದಿನ ಸಾಲಿಯ ಬಯಲು. ಸಣ್ಣ ಮಕ್ಕಳಿಗೆ ಸಣ್ಣ ಜಾಗದಲ್ಲಿ ಸಣ್ಣ ತಂಡ ಎಂಬುದನ್ನು ನಮ್ಮ ಫೆಡರೇಶನ್ನಿನವರೂ 2018ರಲ್ಲಿ ಆರಂಭಿಸಿದ ಗೋಲ್ಡನ್ ಬೇಬಿ ಲೀಗಿನಲ್ಲಿ ಒಪ್ಪಿಕೊಂಡಿದ್ದಾರೆ. ಇನ್ನು ಸಿಮೆಂಟಿನ ಮೇಲೆ ಬಿದ್ದರೆ ಮೊಣಕಾಲು ಕೆತ್ತುತ್ತದೆ, ಅದು ಸುಳ್ಳಲ್ಲ. ಬರಿಗಾಲು ಬೇಡ, ಮೊಳೆಯಿರುವ ಬೂಟಂತೂ ಬೇಡವೇ ಬೇಡ. ಚಪ್ಪಟೆ ರಬ್ಬರ್ ತಳದ ಕ್ಯಾನ್ವಾಸ್ ಬೂಟು ಸಾಕು, ಸಾಲಿಗೆ ಹಾಕಿಕೊಂಡು ಹೋಗುವುದೇ ನಡೆಯುತ್ತದೆ. ನೆಲದ ಮೇಲೆ ಜಾರಿಬಿದ್ದು ಎದುರಾಳಿಯ ಚೆಂಡು ಕಸಿಯುವ ಆಟವನ್ನು ನಾವು ಕಣದಲ್ಲಿ ಪೂರ್ತಿ ನಿಷೇಧಿಸುತ್ತೇವೆ. ಮಳೆ ನಿಂತ ಕೂಡಲೇ ಆಡಿಸುವುದಿಲ್ಲ, ಕಸಬರಿಗೆಯಿಂದ ನೀರು ದಬ್ಬಿ ಆರಿದ ಮೇಲೆಯೇ.

ಗೋಲುಕಂಬದ ಬಗ್ಗೆ ವಿಶೇಷವಾಗಿ ಹೇಳಬೇಕು. ಕಬ್ಬಿಣದ ಪೈಪಿನ ಗೋಲನ್ನು ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಬಹುದು, ಕಷ್ಟವಿಲ್ಲ. ಆದರೆ ಅದನ್ನು ನೆಲಕ್ಕೆ ಬಿಗಿಯದೆ ಸುಮ್ಮನೆ ನಿಲ್ಲಿಸಬಾರದು. ಮಕ್ಕಳು ಅಡ್ಡಪಟ್ಟಿಗೆ ಜೋತುಬೀಳುತ್ತಾರೆ, ಗೋಲು ಮುಂದಕ್ಕೆ ಮಗುಚುತ್ತದೆ. ಹಾಗೆ ಮಗುಚಿ ಮಕ್ಕಳ ಪ್ರಾಣ ಹೋದದ್ದು ಬೇರೆ ಬೇರೆ ದೇಶಗಳಲ್ಲಿ ಆಗಿದೆ. ಸಂಘ ಹಣ ಕೊಡುವುದಾದರೆ ಮೊದಲ ಖರ್ಚು ಆ ಬೋಲ್ಟುಗಳಿಗೆ ಆಗಲಿ, ಬಣ್ಣಕ್ಕೆ ಆಮೇಲೆ.

ಚೆಂಡು ನಮ್ಮ ದೇಶದ್ದೇ ಸಿಗುತ್ತದೆ. ಒಂದಕ್ಕೆ ಸಾವಿರ ರೂಪಾಯಿಯ ಆಜುಬಾಜು. ನಾಲ್ಕು ಚೆಂಡು ಸಾಕು. ಅವು ಬರುವವರೆಗೆ ನಾಲ್ಕನೇ ನಂಬರಿನ ಮಾಮೂಲು ಚೆಂಡಿನ ಗಾಳಿ ಸ್ವಲ್ಪ ಇಳಿಸಿ ಆಡಿಸಬಹುದು. ಅಷ್ಟು ಚೆನ್ನಾಗಿ ಬರುವುದಿಲ್ಲ, ಆದರೆ ಕೆಲಸ ನಿಲ್ಲುವುದಿಲ್ಲ. ಒಟ್ಟು ಖರ್ಚಿನ ಅಂದಾಜು ಪಟ್ಟಿಯನ್ನು ಕಾರ್ಯದರ್ಶಿಗಳ ಕೈಗೆ ಕೊಟ್ಟಿದ್ದೇವೆ. ಮಳಿಗೆ ಕಟ್ಟುವ ಖರ್ಚಿನ ಪಕ್ಕದಲ್ಲಿ ಅದನ್ನಿಟ್ಟು ನೋಡಿರಿ.

ಈಗ ಮುಖ್ಯ ತಕರಾರಿಗೆ ಬರೋಣ. ಕಣ ಇರುವುದು ಕಾಳಿಗೆ, ಕಾಲಿಗೆ ಅಲ್ಲ ಎಂದು ಒಬ್ಬ ಕಾಕಾ ಅವರು ಬೆಳಿಗ್ಗೆ ನಗುತ್ತ ಅಂದರು. ಮಾತು ಖರೆ. ಹೆಸರಿನ ರಾಶಿ ಆಗಸ್ಟ್ ಕೊನೆ, ಸೆಪ್ಟೆಂಬರಿನಲ್ಲಿ ಬರುತ್ತದೆ. ಹಿಂಗಾರಿನ ಜೋಳ, ಕಡಲೆ, ಗೋಧಿ ಫೆಬ್ರವರಿ, ಮಾರ್ಚಿಗೆ. ಆ ದಿನಗಳಲ್ಲಿ ಕಣದ ಹತ್ತಿರ ಒಂದು ಚೆಂಡೂ ಸುಳಿಯುವುದಿಲ್ಲ ಎಂದು ಬರೆದು ಕೊಡಲು ನಾವು ತಯಾರು. ಮಾರ್ಚಿನಲ್ಲಿ ಹೇಗೂ ಮಕ್ಕಳಿಗೆ ಪರೀಕ್ಷೆ. ಉಳಿದ ಏಳೆಂಟು ತಿಂಗಳು ಕಣ ಖಾಲಿ ಬಿದ್ದಿರುತ್ತದೆ. ನಾಯಿ ಮಲಗುತ್ತವೆ, ರಾತ್ರಿ ಇಸ್ಪೀಟು ನಡೆಯುತ್ತದೆ ಎಂದೂ ಕೇಳಿದ್ದೇವೆ. ಜೂನ್, ಜುಲೈ ತಿಂಗಳಲ್ಲಿ ಎರಿ ನೆಲದ ಮೇಲೆ ಕಾಲಿಡಲು ಬಾರದ ಹೊತ್ತಿನಲ್ಲೇ ಕಣ ಬಿಡುವಾಗಿರುತ್ತದೆ. ಹೊಂದಿಕೆ ಇದಕ್ಕಿಂತ ಚೆನ್ನಾಗಿ ಕೂಡಿ ಬರುವುದು ಕಷ್ಟ. ಮಳಿಗೆ ಕಟ್ಟಿದರೆ ಆಟವೂ ಹೋಯಿತು, ಕಣವೂ ಹೋಯಿತು; ಆಮೇಲೆ ಹೆಸರು ಒಣಗಿಸುವುದು ಮತ್ತೆ ಡಾಂಬರು ರಸ್ತೆಯ ಮೇಲೆ, ಬಸ್ಸಿನ ಗಾಲಿ ಕೆಳಗೆ.

ತಾಯಂದಿರು ಕೇಳುವುದು ಬೇರೆ. “ನಮ್ಮ ಹುಡುಗಿ ಬಯಲಾಗ ಆಡಲಿಕ್ಕ ಹ್ಯಾಂಗ ಕಳಸೂಣ್ರಿ?” ಸಾಲಿಯ ಬಯಲು ಊರ ಹೊರಗೆ, ಸಂಜೆ ವಾಪಸ್ ಬರುವ ದಾರಿ ದೂರ. ಕಣ ಊರ ನಡುವೆ, ಸಂಘದ ಕಚೇರಿಯ ಕಣ್ಣೆದುರು. ಹೆಣ್ಣುಮಕ್ಕಳು ಆಡಬಹುದಾದ ಜಾಗ ಈ ಊರಿನಲ್ಲಿ ನಮಗೆ ಕಂಡದ್ದು ಅದೊಂದೇ. ಸೋಮವಾರ, ಬುಧವಾರ, ಶುಕ್ರವಾರ ಹುಡುಗಿಯರಿಗೆ, ಉಳಿದ ದಿನ ಹುಡುಗರಿಗೆ ಎಂದು ನಮ್ಮ ಸೂಚನೆ. ಹುಡುಗಿಯರ ದಿನ ಒಬ್ಬ ಶಿಕ್ಷಕಿಯವರು ಇರುತ್ತಾರೆ. ಹೆಣ್ಣುಮಕ್ಕಳ ಫುಟ್ಸಾಲಿನ ಮೊದಲ ವಿಶ್ವಕಪ್ 2025ರಲ್ಲಿ ಫಿಲಿಪೈನ್ಸಿನಲ್ಲಿ ನಡೆಯಿತು. ಗಂಡುಮಕ್ಕಳದು ನಡೆದ 36 ವರ್ಷದ ಮೇಲೆ! ಹೆಬ್ಬಳ್ಳಿಯಲ್ಲಿ ಇಬ್ಬರಿಗೂ ಒಂದೇ ವಾರದಲ್ಲಿ ಆರಂಭವಾಗಲಿ ಎಂಬುದು ನಮ್ಮ ಆಸೆ.

ಓದು ಹಾಳಾಗುತ್ತದೆ ಎಂಬ ಮಾತಿಗೆ ಉದ್ದ ಉತ್ತರ ಕೊಡುವುದಿಲ್ಲ. ಆಟ ಐದರಿಂದ ಆರು ಗಂಟೆ, ಒಂದೇ ತಾಸು. ಮೊದಲು ಹತ್ತು ನಿಮಿಷ ಮೈ ಬಿಸಿ ಮಾಡಿಕೊಳ್ಳುವುದು. ಆಮೇಲೆ ನಡುವೆ ಒಬ್ಬ ಕಳ್ಳ, ಸುತ್ತ ನಾಲ್ವರು, ಅವನಿಗೆ ಸಿಗದಂತೆ ಚೆಂಡು ದಾಟಿಸುವ ಆಟ. ಇದನ್ನು ನಮ್ಮ ಮಕ್ಕಳು ಕೈಚೆಂಡಿನಲ್ಲಿ ಆಡಿಯೇ ಇರುತ್ತಾರೆ, ಈಗ ಕಾಲಿನಲ್ಲಿ. ಆಮೇಲೆ ಇಬ್ಬರ ಎದುರು ಒಬ್ಬ. ಕೊನೆಯ ಅರ್ಧ ತಾಸು ಪಂದ್ಯ. ಎಡಗಾಲಿನ ಗೋಲಿಗೆ ಎರಡು ಅಂಕ ಎಂದು ನಾವು ಒಂದು ಸ್ಥಳೀಯ ಕಾಯಿದೆ ಮಾಡಿದ್ದೇವೆ. ಅದರಿಂದ ಎರಡೂ ಕಾಲು ಏಳುತ್ತವೆ. ಆರು ಗಂಟೆಗೆ ಸೀಟಿ, ಮನೆಗೆ. ಆಟಕ್ಕೆ ಬಾರದ ಹುಡುಗ ಆ ತಾಸು ಓದುತ್ತಿರುತ್ತಾನೋ, ಕೈಯಲ್ಲಿ ಮೊಬೈಲ್ ಹಿಡಿದಿರುತ್ತಾನೋ, ತಮಗೇ ಗೊತ್ತು.

ಹಣದ ಮೂಲ ತೋರಿಸಿರಿ ಎಂದು ಆಡಳಿತ ಮಂಡಳಿಯ ಒಬ್ಬರು ಕೇಳಿದ್ದಾರೆ, ನ್ಯಾಯವಾದ ಪ್ರಶ್ನೆ. ನಮ್ಮ ಹಳೇ ಧಾರವಾಡ ಜಿಲ್ಲೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಸಹಕಾರ ಸಂಘ ಕಟ್ಟಿದಾಗ ಅವರ ಕೈಯಲ್ಲಿ ದೊಡ್ಡ ಗಂಟೇನೂ ಇರಲಿಲ್ಲ. ಹತ್ತು ಮಂದಿ ಸ್ವಲ್ಪ ಸ್ವಲ್ಪ ಕೂಡಿಸಿದರು. ಗೋಲುಕಂಬ ಮತ್ತು ಬೋಲ್ಟು ಸಂಘದ್ದಾಗಲಿ, ಎರಡು ಚೆಂಡು ನಾವು ನಾಲ್ವರು ಸ್ವಂತ ಕಿಸೆಯಿಂದ ಕೊಡುತ್ತೇವೆ. ಉಳಿದ ಎರಡನ್ನು ಊರವರು ಯಾರಾದರೂ ಕೊಡಿಸಬಹುದು, ಚೆಂಡಿನ ಮೇಲೆ ಹೆಸರು ಬರೆಸಬೇಕೆಂದರೆ ಬರೆಸುತ್ತೇವೆ, ಒದೆಸಿಕೊಳ್ಳಲು ತಯಾರಿದ್ದರೆ!

ಕಣದ ಗೇಟಿನ ಬೀಗದ ಕೈ ಯಾರ ಹತ್ತಿರ ಇರಬೇಕು ಎಂಬುದು ಇನ್ನೂ ತೀರ್ಮಾನ ಆಗಿಲ್ಲ. ಸಂಘದ ಸಿಪಾಯಿಯವರ ಹತ್ತಿರವೇ ಇರಲಿ, ಐದಕ್ಕೆ ತೆಗೆದು ಆರಕ್ಕೆ ಹಾಕಲಿ. ಮೂರು ತಿಂಗಳು ಪ್ರಯೋಗಕ್ಕೆಂದು ಬಿಟ್ಟುಕೊಡಿರಿ, ಜೂನ್‌ನಿಂದ ಹೆಸರಿನ ರಾಶಿ ಬರುವವರೆಗೆ. ಕಾಳಿಗೆ ತೊಂದರೆ ಆಯಿತು, ಗೋದಾಮಿನ ಶಟರ್ ನುಗ್ಗಾಯಿತು ಎಂದು ಕಂಡರೆ ಗೋಲು ಬಿಚ್ಚಿಕೊಂಡು ನಾವೇ ಹೋಗುತ್ತೇವೆ. ಮಳಿಗೆಯ ಠರಾವನ್ನು ಅಲ್ಲಿಯವರೆಗೆ ಮುಂದಕ್ಕೆ ಹಾಕಿರಿ ಎಂದಷ್ಟೇ ವಿನಂತಿ.

ಸಭೆ ಮುಗಿದ ಮೇಲೆ ಕಣದಲ್ಲಿ ಸುಣ್ಣದ ಗೆರೆ ಹಾಕಿ ಅರ್ಧ ತಾಸು ಆಡಿಸಿ ತೋರಿಸುತ್ತೇವೆ. ಹತ್ತು ಮಕ್ಕಳು ಬೇಕು, ಬೂಟು ಇದ್ದವರು ಮುಂದೆ ಬರ್ರಿ.